ಮಾಸ್ಟರ್ ಇಲ್ಲದ ನಮ್ಮ ಸ್ಟೇಷನ್ನು

ಹೋದ ಸಲದ ಗೋಡೆ ಪತ್ರಿಕೆಯಲ್ಲಿ ನಾನು ತೆಂಗಿನ ನುಸಿ ಪೀಡೆ ಬಗ್ಗೆ ಬರೆದಿದ್ದೆ. ಈ ಸಲ ನಮ್ಮ ಹಾಲ್ಟ್ ಬಗ್ಗೆ ಬರೆಯುತ್ತಿದ್ದೇನೆ. ಇದಕ್ಕೆ ಕಾರಣ ಆರನೇ ಕ್ಲಾಸಿನ ಒಬ್ಬ ಹುಡುಗ. ಅವನು ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಅಕ್ಕ, ತುಮಕೂರಲ್ಲಿ ಸ್ಟೇಷನ್ ಮಾಸ್ಟ್ರು ಇದ್ದಾರೆ, ಗುಬ್ಬೀಲೂ ಇದ್ದಾರೆ. ನಮ್ಮ ಸ್ಟೇಷನ್‌ಗೆ ಯಾಕಿಲ್ಲ? ನಮ್ಮದು ಬಡವರ ಊರು ಅಂತಾನಾ?" ಎಂದು ಕೇಳಿದ. ಒಂಬತ್ತನೇ ಕ್ಲಾಸಿನವಳಾದ ನನಗೂ ಉತ್ತರ ಗೊತ್ತಿರಲಿಲ್ಲ. "ಇಂಟರ್‌ವಲ್‌ನಲ್ಲಿ ಹೇಳ್ತೀನಿ ಹೋಗೋ" ಅಂತ ತಪ್ಪಿಸಿಕೊಂಡೆ. ಆಮೇಲೆ ನನಗೇ ಕೊರೆಯೋಕೆ ಶುರುವಾಯ್ತು. ಅವರನ್ನೂ ಇವರನ್ನೂ ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಹಾಲ್ಟ್ ಹೇಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ದಿನಾ ನೋಡುತ್ತೀರಿ. ಹಳದಿ ಬೋರ್ಡಿನ ಮೇಲೆ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ನಮ್ಮೂರ ಹೆಸರು, ನಾಲ್ಕು ಕಂಬದ ಮೇಲೊಂದು ಶೀಟು, ಎರಡು ಕಲ್ಲು ಬೆಂಚು, ಒಂದು ಹೊಂಗೆ ಮರ. ಪ್ಲಾಟ್‌ಫಾರಂ ಎಷ್ಟು ತಗ್ಗು ಅಂದರೆ ನಮ್ಮಜ್ಜಿ ಗಾಡಿ ಹತ್ತಬೇಕಾದರೆ ಮೇಲಿನಿಂದ ಒಬ್ಬರು ಕೈ ಹಿಡಿದು ಎಳೆಯಬೇಕು, ಕೆಳಗಿನಿಂದ ಒಬ್ಬರು ನೂಕಬೇಕು. ಬೆಳಗ್ಗೆ ಒಂದು ಪ್ಯಾಸೆಂಜರ್, ಸಾಯಂಕಾಲ ಒಂದು ಪ್ಯಾಸೆಂಜರ್ ನಿಲ್ಲುತ್ತದೆ. ಮಿಕ್ಕ ಗಾಡಿಗಳೆಲ್ಲ ಧೂಳೆಬ್ಬಿಸಿಕೊಂಡು ಹೋಗ್ತಾವೆ.

ಮೊದಲು ನಾನು ಕೇಳಿದ್ದು ನಮ್ಮ ಬೀದಿಯ ತಾತನನ್ನು. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾದವರು. ಅವರು ಹೇಳಿದ್ದು ಹೀಗೆ: "ನಮ್ಮ ಕೆರೆ ಏರಿ ನೋಡಿದೀಯಲ್ಲವ್ವ. ಏರಿ ಮೇಲೆ ಒಂದೇ ಗಾಡಿ ಹೋಗೋವಷ್ಟು ಜಾಗ. ಈ ಕಡೆಯಿಂದ ಒಂದು ಎತ್ತಿನ ಗಾಡಿ, ಆ ಕಡೆಯಿಂದ ಒಂದು ಎತ್ತಿನ ಗಾಡಿ ಬಂದ್ರೆ ಏನಾಗ್ತದೆ? ಅದಕ್ಕೆ ಏರಿಯ ಎರಡೂ ತುದೀಲಿ ಒಬ್ಬೊಬ್ಬ ಆಳು ನಿಲ್ಲಬೇಕು. ಈಚೆ ಆಳು ಕೂಗಿ ಕೇಳಬೇಕು, ಏರಿ ಖಾಲಿ ಇದೆಯಾ ಅಂತ. ಆಚೆಯವನು ಖಾಲಿ ಇದೆ ಕಳಿಸು ಅಂದ್ಮೇಲೆ ಗಾಡಿ ಬಿಡಬೇಕು. ಆ ಇಬ್ಬರು ಆಳೇ ಸ್ಟೇಷನ್ ಮಾಸ್ಟ್ರು. ಇನ್ನು ಏರಿ ನಡುವೆ ಒಂದು ಮರ ಇದೆ ಅಂತ ಇಟ್ಕೋ. ಹೋಗೋ ಗಾಡಿ ಅಲ್ಲಿ ಒಂದು ಗಳಿಗೆ ನಿಂತು ಇಬ್ಬರನ್ನ ಇಳಿಸಿ ಹೋಗ್ತದೆ. ಆ ಮರದ ಕೆಳಗೆ ಆಳು ಯಾಕೆ ಬೇಕು? ಆ ಮರಾನೇ ನಮ್ಮ ಹಾಲ್ಟು."

ನೋಡಿ, ಪುಸ್ತಕದಲ್ಲಿ ಎರಡು ಪುಟ ಓದಿದರೂ ಅರ್ಥವಾಗದ್ದು ಇಷ್ಟರಲ್ಲಿ ಅರ್ಥವಾಯಿತು. ರೈಲ್ವೆಯವರು ಏರಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಗುಬ್ಬಿ ಒಂದು ತುದಿ, ನಿಟ್ಟೂರು ಇನ್ನೊಂದು ತುದಿ ಅಂತ ಇಟ್ಟುಕೊಳ್ಳಿ. ಒಂದು ಹಳಿಯ ಮೇಲೆ ಆ ತುಂಡಿನಲ್ಲಿ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು ಅನ್ನೋದು ಈ ಪದ್ಧತಿಯ ಮೂಲ ನಿಯಮ. ಈಗ ನಮ್ಮ ಕಡೆ ಜೋಡಿ ಹಳಿ ಆಗಿದೆ. ಎದುರಿನಿಂದ ಬರುವ ಗಾಡಿಯ ಭಯ ಕಡಿಮೆ. ಆದರೆ ಹಿಂದಿನಿಂದ ಬರುವ ಗಾಡಿ ಇರುತ್ತದಲ್ಲ, ಅದಕ್ಕೂ ಇದೇ ಲೆಕ್ಕ. ನಮ್ಮ ಹಾಲ್ಟು ಈ ತುಂಡಿನ ತುದಿಯಲ್ಲೂ ಇಲ್ಲ, ಇಲ್ಲಿ ಹಳಿ ಕವಲೊಡೆಯುವುದೂ ಇಲ್ಲ. ಒಂದು ಗಾಡಿಯನ್ನು ಪಕ್ಕಕ್ಕೆ ಹಾಕಿ ಇನ್ನೊಂದನ್ನು ಮುಂದೆ ಬಿಡುವ ಲೂಪ್ ಲೈನ್ ಇಲ್ಲಿಲ್ಲ. ಆದ್ದರಿಂದ ಇಲ್ಲಿ ಮಾಸ್ಟರ್ ಇದ್ದರೂ ಅವರಿಗೆ ಮಾಡಲು ಕೆಲಸವೇ ಇರುವುದಿಲ್ಲ. ರೈಲ್ವೆಯ ನಿಯಮದಲ್ಲಿ ಸ್ಟೇಷನ್ನುಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ ಇದೆ. ಹಾಲ್ಟು ಡಿ ದರ್ಜೆ. ಇದು ನಮ್ಮ ಮಾರ್ಕ್ಸ್ ಕಾರ್ಡಿನ ಡಿ ಅಲ್ಲ, ಯಾರೂ ನಗಬೇಡಿ. ಎ, ಬಿ, ಸಿ ಗಳು ತುಂಡಿನ ತುದಿಯಲ್ಲಿರುವ ಸ್ಟೇಷನ್ನುಗಳು, ಡಿ ಅನ್ನುವುದು ತುಂಡಿನ ಮಧ್ಯದಲ್ಲಿರುವಂಥದ್ದು, ಅಷ್ಟೇ.

ಹಾಲ್ಟ್ ಅಂದರೆ ಬಡವರ ಸ್ಟೇಷನ್ ಅಂತ ಅಂದುಕೊಂಡಿದ್ದ ಆರನೇ ಕ್ಲಾಸಿನ ತಮ್ಮನಿಗೆ ಒಂದು ಸಮಾಚಾರ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಹತ್ತಿರ 2021ರ ಜನವರಿಯಲ್ಲಿ ಒಂದು ರೈಲು ನಿಲ್ದಾಣ ಶುರುವಾಯಿತು. ಅದೂ ಹಾಲ್ಟೇ. ವಿಮಾನ ಹತ್ತುವವರು ಇಳಿಯುವ ಜಾಗವೂ ನಮ್ಮ ಹೊಂಗೆ ಮರದ ಜಾಗವೂ ರೈಲ್ವೆಯ ಪಟ್ಟಿಯಲ್ಲಿ ಒಂದೇ ಜಾತಿ!

ಹಾಗಾದರೆ ಸಿಗ್ನಲ್ ಇಲ್ಲದೆ ಗಾಡಿ ನಿಲ್ಲುವುದು ಹೇಗೆ? ಡ್ರೈವರಿಗೆ ಕೊಟ್ಟಿರುವ ವೇಳಾಪಟ್ಟಿಯಲ್ಲಿ ಎಲ್ಲೆಲ್ಲಿ ನಿಲ್ಲಬೇಕು ಅಂತ ಬರೆದಿರುತ್ತದೆ. ಹಾಲ್ಟು ಬರುವುದಕ್ಕೆ ಸಾಕಷ್ಟು ಮುಂಚೆಯೇ ಹಳಿಯ ಪಕ್ಕದಲ್ಲಿ ಹಳದಿ ಕಪ್ಪು ಪಟ್ಟೆಯ ಒಂದು ಹಲಗೆ ನೆಟ್ಟಿದ್ದಾರೆ. ನಾವು ದನ ಮೇಯಿಸುವಾಗ ಅದಕ್ಕೆ ಕಲ್ಲು ಹೊಡೆದು ಗುರಿ ನೋಡುತ್ತಿದ್ದೆವು. ಅದು ಡ್ರೈವರಿಗೆ ಮುಂದೆ ಹಾಲ್ಟ್ ಇದೆ ಅಂತ ಎಚ್ಚರಿಸುವ ಹಲಗೆ ಅಂತ ಈಗ ಗೊತ್ತಾಗಿದೆ. ಇನ್ನು ಮೇಲೆ ಯಾರೂ ಕಲ್ಲು ಹೊಡೆಯಬೇಡಿ. ನಿಂತ ಗಾಡಿಯನ್ನು ಮತ್ತೆ ಹೊರಡಿಸುವವರು ಹಿಂದಿನ ಡಬ್ಬಿಯ ಗಾರ್ಡು. 2022ರಿಂದ ಅವರಿಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರು ಬದಲಾಗಿದೆ, ನಮ್ಮೂರಲ್ಲಿ ಮಾತ್ರ ಇನ್ನೂ ಗಾರ್ಡೇ. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು ಅಂತ ನೋಡಿಕೊಂಡು ಹಗಲಲ್ಲಿ ಹಸಿರು ಬಾವುಟ, ಕತ್ತಲಾದ ಮೇಲೆ ಹಸಿರು ದೀಪ ತೋರಿಸುತ್ತಾರೆ. ನಮ್ಮಜ್ಜಿಯನ್ನು ನೂಕಿ ಹತ್ತಿಸುವವರೆಗೂ ಬಾವುಟ ತೋರಿಸದೆ ಕಾದ ಗಾರ್ಡ್ ಒಬ್ಬರು ಇದ್ದರು. ಅಜ್ಜಿ ಈಗಲೂ ಅವರನ್ನು ನೆನೆಸಿಕೊಳ್ಳುತ್ತಾರೆ.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದದ್ದು 1884ರಲ್ಲಿ. 1889ರ ಹೊತ್ತಿಗೆ ಹಳಿ ಹರಿಹರದವರೆಗೆ ಹೋಯಿತು. ಆಗ ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ಈ ದಾರಿಯ ಸ್ಟೇಷನ್ನುಗಳ ಹೆಸರಿನಲ್ಲಿ ಒಂದು ತಮಾಷೆ ಇದೆ. ಸಂಪಿಗೆ ರೋಡ್, ಹೊನ್ನವಳ್ಳಿ ರೋಡ್ ಅಂತ ಇವೆ. ರೋಡ್ ಅಂದರೆ ಸಂಪಿಗೆ ಊರು ಇಲ್ಲಿಲ್ಲ, ಸಂಪಿಗೆಗೆ ಹೋಗುವ ದಾರಿ ಇಲ್ಲಿದೆ, ಇಳಿದು ನಡೀರಿ ಅಂತ ಅರ್ಥ. ನಮ್ಮದು ಹಾಲ್ಟೇ ಆದರೂ ಊರ ಬಾಗಿಲಲ್ಲೇ ಇದೆ.

ಕುಣಿಗಲ್ ಕಡೆಯವರ ಕಥೆ ಬೇರೆ. ಟಿಪ್ಪು ಸುಲ್ತಾನರ ಕಾಲದಿಂದ ಕುದುರೆ ಫಾರಂಗೆ ಹೆಸರಾದ ಊರು, ಆದರೆ ರೈಲು ನೋಡಿದ್ದು 2017ರ ಮಾರ್ಚ್ 26ರಂದು, ಬೆಂಗಳೂರಿನಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ದಾರಿ ಪೂರ್ತಿ ಶುರುವಾದಾಗ. ಅಲ್ಲಿಗೂ ಜಿಲ್ಲಾ ಕೇಂದ್ರ ತುಮಕೂರೇ, ಆದರೆ ಆ ರೈಲು ತುಮಕೂರಿಗೆ ಬರುವುದಿಲ್ಲ. ನಮ್ಮ ಸೋದರಮಾವನ ಊರು ಆ ತಾಲ್ಲೂಕಿನಲ್ಲಿದೆ. ಅವರ ಹೊಲದ ಬದುವಿನ ಪಕ್ಕದಲ್ಲೇ ಹಳಿ, ಆದರೆ ಅಲ್ಲಿ ನಿಲ್ಲುವ ಜಾಗ ಇಲ್ಲ. ಬೇಸಿಗೆ ರಜೆಯಲ್ಲಿ ಹೋದಾಗ ಮಾವನ ಮಗಳು ನನಗೆ, "ನಿಮ್ಮೂರಲ್ಲಿ ರೈಲು ನಿಂತ್ಕೊಳ್ತದಂತಲ್ಲ, ನಿಜಾನಾ?" ಅಂತ ಕೇಳಿದಳು. ನಾನು ದೊಡ್ಡಸ್ತಿಕೆಯಿಂದ ಹೂಂ ಅಂದೆ. ಆ ದೊಡ್ಡಸ್ತಿಕೆ ಎಷ್ಟು ದಿನದ್ದು ಅನ್ನುವುದೇ ಈ ಲೇಖನದ ಮುಖ್ಯ ವಿಷಯ. ಮುಂದೆ ಓದಿ.

ಮಾಸ್ಟರ್ ಇಲ್ಲದ ಮೇಲೆ ಟಿಕೆಟ್ ಕೊಡುವವರು ಯಾರು? ಹಾಲ್ಟ್ ಏಜೆಂಟ್. ಅವರು ರೈಲ್ವೆ ನೌಕರರಲ್ಲ. ಸಂಬಳ ಇಲ್ಲ, ಯೂನಿಫಾರಂ ಇಲ್ಲ. ಮಾರಿದ ಟಿಕೆಟ್ಟಿಗೆ ಇಷ್ಟು ಅಂತ ಕಮಿಷನ್. ಪಕ್ಕದ ದೊಡ್ಡ ಸ್ಟೇಷನ್ನಿನಿಂದ ತಮ್ಮ ಕೈಯ ದುಡ್ಡು ಕಟ್ಟಿ ಟಿಕೆಟ್ ತಂದು ಇಲ್ಲಿ ಮಾರುತ್ತಾರೆ. ನಮ್ಮ ಏಜೆಂಟ್ ಅಣ್ಣ ಗಾಡಿ ಬರುವುದಕ್ಕೆ ಅರ್ಧ ಗಂಟೆ ಮುಂಚೆ ಹಾಲು ಡೈರಿಗೆ ಹಾಕಿ, ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಾರೆ.

ಆ ಪೆಟ್ಟಿಗೆಯಲ್ಲಿ ಹಳೇ ಕಾಲದ ರಟ್ಟಿನ ಟಿಕೆಟ್ ಕೆಲವನ್ನು ನೆನಪಿಗೆ ಅಂತ ಇಟ್ಟುಕೊಂಡಿದ್ದಾರೆ. ನನಗೂ ತೋರಿಸಿದರು. ಎರಡು ಬೆರಳಗಲದ ಗಟ್ಟಿ ರಟ್ಟು, ಮೇಲೊಂದು ನಂಬರು. ಈ ಟಿಕೆಟ್ಟನ್ನು ಕಂಡುಹಿಡಿದವರು ಇಂಗ್ಲೆಂಡಿನ ಥಾಮಸ್ ಎಡ್ಮಂಡ್ಸನ್ ಎಂಬ ಸ್ಟೇಷನ್ ಮಾಸ್ಟರು, 1830ರ ದಶಕದ ಕೊನೆಯಲ್ಲಿ. ಅದಕ್ಕೂ ಮುಂಚೆ ಪ್ರತಿಯೊಬ್ಬರಿಗೂ ಕೈಯಲ್ಲಿ ಚೀಟಿ ಬರೆದು ಕೊಡಬೇಕಾಗಿತ್ತು. ಇವರು ಮೊದಲೇ ನಂಬರು ಅಚ್ಚು ಹಾಕಿದ ರಟ್ಟು ತಂದರು. ಬೆಳಗ್ಗೆ ಇದ್ದ ನಂಬರು, ಸಾಯಂಕಾಲ ಉಳಿದ ನಂಬರು, ಎರಡನ್ನೂ ಕಳೆದರೆ ಎಷ್ಟು ಜನ ಹೋದರು ಅಂತ ಗೊತ್ತಾಗುತ್ತದೆ. ಕೊಡುವವರು ಮೋಸ ಮಾಡುವಂತಿಲ್ಲ. ಇಂಡಿಯಾದಲ್ಲಿ ದೊಡ್ಡ ಸ್ಟೇಷನ್ನುಗಳಿಗೆ ಕಂಪ್ಯೂಟರ್ ಟಿಕೆಟ್ ಬಂದ ಮೇಲೂ ಹಾಲ್ಟುಗಳಲ್ಲಿ ರಟ್ಟಿನ ಟಿಕೆಟ್ ಬಹಳ ಕಾಲ ಉಳಿಯಿತು.

ಈಗ ಒಂದು ತಪ್ಪೊಪ್ಪಿಗೆ. ಮೇಷ್ಟ್ರು ಬೈದರೂ ಪರವಾಗಿಲ್ಲ ಅಂತ ಬರೆಯುತ್ತಿದ್ದೇನೆ. ಗುಬ್ಬಿಯ ಗೋಸಲ ಚನ್ನಬಸವೇಶ್ವರ ಜಾತ್ರೆಗೆ ನಾನೂ ನನ್ನ ಚಿಕ್ಕಪ್ಪನ ಮಗಳೂ ಟಿಕೆಟ್ ತಗೊಳ್ಳದೆ ಹೋಗಿದ್ದೆವು. ಮನೆಯಲ್ಲಿ ಟಿಕೆಟ್ಟಿಗೆ ಅಂತಲೇ ದುಡ್ಡು ಕೊಟ್ಟಿದ್ದರು. ಆ ದುಡ್ಡಿಗೆ ಬಳೆ ತಗೊಳ್ಳೋಣ ಅಂತ ಆಸೆ. ಹೊಂಗೆ ಮರದ ಹಿಂದೆ ನಿಂತಿದ್ದು ಗಾಡಿ ನಿಂತ ತಕ್ಷಣ ಓಡಿ ಹತ್ತಿಕೊಂಡೆವು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಚಾರ್ಜಿನ ಮೇಲೆ ಕಡಿಮೆ ಅಂದರೂ 250 ರೂಪಾಯಿ ದಂಡ ಕಟ್ಟಬೇಕು. ನಾವು ಸಿಕ್ಕಿಬೀಳಲಿಲ್ಲ. ಏಜೆಂಟ್ ಅಣ್ಣ ನೋಡಲಿಲ್ಲ ಅಂದುಕೊಂಡಿದ್ದೆವು, ಅವರು ನೋಡಿದ್ದರು. ಬಹಳ ದಿನ ಆದ ಮೇಲೆ, ಈ ಲೇಖನಕ್ಕೆ ಅಂತ ಮಾತಾಡಿಸಲು ಹೋದಾಗ ತಾವೇ ಹೇಳಿದರು. ಬೈಯಲಿಲ್ಲ. "ನಿನ್ನ ಹತ್ತು ರೂಪಾಯಿಂದ ನನಗೇನೂ ಬಂಗಲೆ ಆಗಲ್ಲ ಕಣವ್ವ. ಆದ್ರೆ ನೀನು ಆವತ್ತು ಹೋದೆಯಲ್ಲ, ಅದು ಯಾವ ಪುಸ್ತಕದಾಗೂ ಇಲ್ಲ. ರೈಲ್ವೆಯವರ ಲೆಕ್ಕದಾಗೆ ಆವತ್ತು ನೀನು ಈ ಊರಲ್ಲಿ ಹುಟ್ಟೇ ಇಲ್ಲ" ಅಂದರು.

ಆ ಮಾತು ಕೇಳಿದ ಮೇಲೆ ನಾನು ಒಂದು ಸೋಮವಾರ ಬೆಳಗ್ಗೆ ಬೆಂಚಿನ ಮೇಲೆ ಕೂತು ಎಣಿಸಿದೆ. ಗಾಡಿ ಹತ್ತಿದವರನ್ನು ಎಣಿಸಲು ಎರಡು ಕೈಯ ಬೆರಳನ್ನು ಮತ್ತೆ ಮತ್ತೆ ಮಡಿಸಬೇಕಾಯಿತು. ಟಿಕೆಟ್ ತಗೊಂಡವರಿಗೆ ಒಂದೇ ಕೈ ಸಾಕಾಯಿತು. ಕೆಲವರ ಹತ್ತಿರ ಪಾಸ್ ಇರಬಹುದು, ಮೊಬೈಲಿನಲ್ಲಿ ತಗೊಂಡಿರಬಹುದು, ಇಲ್ಲ ಅನ್ನುವುದಿಲ್ಲ. ಎಲ್ಲರ ಹತ್ತಿರವೂ ಇತ್ತು ಅಂದರೆ ಮಾತ್ರ ನಾನು ನಂಬುವುದಿಲ್ಲ, ಯಾಕಂದರೆ ಅವರಲ್ಲಿ ಅರ್ಧ ಜನ ನಮ್ಮ ನೆಂಟರೇ!

ಗಾಡಿ ನಿಲ್ಲದಿದ್ದರೆ ಏನಾಗುತ್ತದೆ ಅಂತ ನಾವು ಒಂದು ಸಲ ನೋಡಿದ್ದೇವೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ದೇಶದಲ್ಲೆಲ್ಲ ಪ್ಯಾಸೆಂಜರ್ ರೈಲು ನಿಂತವು. ನಮ್ಮ ಪ್ಲಾಟ್‌ಫಾರಂ ಮೇಲೆ ಮಂಡಿಯುದ್ದ ಹುಲ್ಲು ಬೆಳೆದು ಎಮ್ಮೆ ಮೇಯುತ್ತಿದ್ದವು. ಆಮೇಲೆ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ಸ್ಪೆಷಲ್ ಅಂತ ಹೆಸರು ಇಟ್ಟುಕೊಂಡು ಬಂದವು. ಕನಿಷ್ಠ ಚಾರ್ಜು ಹತ್ತು ರೂಪಾಯಿ ಇದ್ದದ್ದು ಮೂವತ್ತಾಯಿತು. ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ನಮ್ಮ ಹಾಲ್ಟಿನಲ್ಲಿ ಗಾಡಿ ನಿಲ್ಲದ ಆ ದಿನಗಳಲ್ಲಿ ನಮ್ಮಕ್ಕ ತುಮಕೂರಿನ ಕಾಲೇಜಿಗೆ ಹೋಗಲು ಮೇನ್ ರೋಡಿನವರೆಗೆ ಮೂರು ಕಿಲೋಮೀಟರ್ ನಡೆಯುತ್ತಿದ್ದಳು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಅಪ್ಪ, "ಇನ್ನೊಂದು ತಿಂಗಳು ನೋಡೋಣ, ಆಮೇಲೆ ಬಿಡಿಸಿಬಿಡೋಣ" ಅಂದಿದ್ದು ನನಗೆ ಕೇಳಿಸಿತ್ತು. ಗಾಡಿ ಮತ್ತೆ ನಿಲ್ಲಲು ಶುರುವಾಯಿತು, ಆ ಮಾತು ಅಲ್ಲಿಗೇ ನಿಂತಿತು.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಇದು ಒಳ್ಳೆಯದೇ. ನಮ್ಮಮ್ಮ ಮೊದಲ ಸಲ ಧರ್ಮಸ್ಥಳ ನೋಡಿದ್ದು ಈ ಬಸ್ಸಿನಿಂದಲೇ. ಆದರೆ "ಬಸ್ಸು ಫ್ರೀ ಇರೋವಾಗ ರೈಲಿಗೆ ಹತ್ತು ರೂಪಾಯಿ ಯಾಕೆ ಕೊಡ್ಬೇಕು?" ಅನ್ನುವ ಮಾತು ಈಗ ನಲ್ಲಿ ಹತ್ತಿರ ದಿನಾ ಕೇಳುತ್ತದೆ. ಬಸ್ಸು ನಮ್ಮೂರೊಳಗೆ ಬರುವುದಿಲ್ಲವಲ್ಲ ಅಂತ ನಾನು ಕೇಳಿದರೆ, "ಹೋಗೇ, ಬಂದ್ಬಿಟ್ಳು ರೈಲ್ವೆ ಮಂತ್ರಿ" ಅಂತಾರೆ.

ಹಾಲ್ಟು ಉಳಿಸಿಕೊಳ್ಳಲು ಕಷ್ಟಪಟ್ಟ ಊರೊಂದು ರಾಜಸ್ಥಾನದಲ್ಲಿದೆ ಅಂತ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದರು. ನಾಗೌರ್ ಜಿಲ್ಲೆಯ ಜಾಲ್ಸು ನಾನಕ್ ಹಾಲ್ಟ್. 2005ರಲ್ಲಿ ಅದನ್ನು ಮುಚ್ಚುವ ಮಾತು ಬಂತು. ಊರವರು ಧರಣಿ ಕೂತರು. ತಿಂಗಳಿಗೆ 1500 ಟಿಕೆಟ್, ಅಂದರೆ ದಿನಕ್ಕೆ 50 ಟಿಕೆಟ್ ಮಾರಾಟವಾದರೆ ಉಳಿಸುತ್ತೇವೆ ಅಂತ ಷರತ್ತಾಯಿತು. ಊರವರು ಚಂದಾ ಎತ್ತಿ, 1500 ಟಿಕೆಟ್ ತಾವೇ ಕೊಂಡು, ಟಿಕೆಟ್ ಮಾರುವ ಕೆಲಸವನ್ನೂ ಊರವರೇ ವಹಿಸಿಕೊಂಡರು. ದಿನಕ್ಕೆ 50! ನಮ್ಮ ಸೋಮವಾರದ ಒಂದು ಕೈಯ ಬೆರಳು ನೆನಪಾಗಿ ನನಗೆ ಹೊಟ್ಟೆಯೊಳಗೆ ಒಂಥರಾ ಆಯಿತು.

ಅದೇ ಮೇಷ್ಟ್ರು ಜಪಾನಿನ ವಿಷಯವನ್ನೂ ಹೇಳಿದರು. ಜಪಾನ್ ಅಂದರೆ ಬುಲೆಟ್ ಟ್ರೇನ್ ಅಂತ ಮಾತ್ರ ನಾವು ಓದಿದ್ದೇವೆ. ಆದರೆ ಆ ದೇಶದ ಸ್ಟೇಷನ್ನುಗಳಲ್ಲಿ ಸುಮಾರು ಅರ್ಧದಷ್ಟು ನಮ್ಮ ಹಾಲ್ಟಿನಂತೆ ಸಿಬ್ಬಂದಿ ಇಲ್ಲದವಂತೆ. ಹಳ್ಳಿಗಳಲ್ಲಿ ಜನ ಕಡಿಮೆಯಾಗಿದ್ದಾರೆ, ಮಕ್ಕಳು ಕಡಿಮೆ, ಇರುವವರು ಮುದುಕರು. ಅಲ್ಲಿ ಏಜೆಂಟ್ ಕೂಡ ಇರುವುದಿಲ್ಲ. ಒಂದೋ ಎರಡೋ ಡಬ್ಬಿಯ ಗಾಡಿ, ಅನೇಕ ಕಡೆ ಡ್ರೈವರ್ ಒಬ್ಬರೇ, ಗಾರ್ಡೂ ಇಲ್ಲ. ಹಿಂದಿನ ಬಾಗಿಲಲ್ಲಿ ಹತ್ತುವಾಗ ಒಂದು ಸಣ್ಣ ಪೆಟ್ಟಿಗೆಯಿಂದ ನಂಬರಿನ ಚೀಟಿ ಎಳೆದುಕೊಳ್ಳಬೇಕು. ಯಾವ ಸ್ಟೇಷನ್ನಿನಲ್ಲಿ ಹತ್ತಿದಿರಿ ಅಂತ ಆ ನಂಬರಿನಿಂದ ಗೊತ್ತಾಗುತ್ತದೆ. ಇಳಿಯುವಾಗ ಮುಂದಿನ ಬಾಗಿಲಿಗೆ ಬಂದು, ಡ್ರೈವರ್ ಪಕ್ಕದ ಡಬ್ಬಿಗೆ ಚೀಟಿಯನ್ನೂ ದುಡ್ಡನ್ನೂ ಹಾಕಬೇಕು. ನಮ್ಮ ಸಿಟಿ ಬಸ್ಸಿನ ಹಾಗೆ ಅಂದುಕೊಳ್ಳಿ, ಕಂಡಕ್ಟರ್ ಮಾತ್ರ ಇಲ್ಲ.

ಅಲ್ಲಿ ಹೊಕ್ಕೈಡೋ ಎಂಬ ಹಿಮ ಬೀಳುವ ದ್ವೀಪದಲ್ಲಿ ಕ್ಯೂ ಶಿರಟಾಕಿ ಅಂತ ಒಂದು ಸಣ್ಣ ಸ್ಟೇಷನ್ ಇತ್ತು. ಕೊನೆಕೊನೆಗೆ ಅಲ್ಲಿಂದ ದಿನಾ ಹತ್ತುತ್ತಿದ್ದದ್ದು ಹೈಸ್ಕೂಲಿಗೆ ಹೋಗುವ ಒಬ್ಬಳು ಹುಡುಗಿ. ಅವಳೊಬ್ಬಳಿಗಾಗಿಯೇ ರೈಲ್ವೆಯವರು ಸ್ಟೇಷನ್ ಉಳಿಸಿದರು ಅನ್ನುವ ಕಥೆ 2016ರಲ್ಲಿ ಪ್ರಪಂಚವೆಲ್ಲ ಹರಡಿತು. ಅದು ಪೂರ್ತಿ ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು. ಹೊಸ ವೇಳಾಪಟ್ಟಿ ಬರುವಾಗ ಮುಚ್ಚಬೇಕು ಅಂತ ತೀರ್ಮಾನವಾಗಿತ್ತು, ಅದೂ ಅವಳ ಓದು ಮುಗಿಯುವುದೂ ಒಟ್ಟಿಗೆ ಬಂದವು. 2016ರ ಮಾರ್ಚ್ 26ಕ್ಕೆ ಅದು ಮುಚ್ಚಿತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ತಾರೀಖಿಗೆ ನಮ್ಮ ಕುಣಿಗಲ್ ದಾರಿ ಶುರುವಾಯಿತು ನೋಡಿ. ಕಥೆ ಅರ್ಧ ಸುಳ್ಳಾದರೂ ಆ ಹುಡುಗಿ ನಿಜ, ಅವಳು ಬೆಳಗ್ಗೆ ಹಿಮದಲ್ಲಿ ಒಬ್ಬಳೇ ನಿಂತು ಕಾಯುತ್ತಿದ್ದದ್ದು ನಿಜ. ನನಗೆ ನಮ್ಮಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದದ್ದು ಕಣ್ಣಮುಂದೆ ಬಂತು.

ಜಪಾನಿನ ಇಂಥ ಎಷ್ಟೋ ಸ್ಟೇಷನ್ನುಗಳಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತಾರಂತೆ. ಬಂದವರು ಹೆಸರು, ತಾರೀಖು, ಮನಸ್ಸಿಗೆ ಬಂದದ್ದು ಬರೆದು ಹೋಗುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಏಜೆಂಟ್ ಅಣ್ಣನನ್ನು ಕೇಳಿದೆ. "ಇಡು, ಆದ್ರೆ ದಾರ ಕಟ್ಟು, ಇಲ್ದಿದ್ರೆ ಮೇಕೆ ತಿಂತಾವೆ" ಅಂದರು. ನಾವು ನಾಲ್ಕು ಜನ ಸೇರಿ ನೂರು ಪುಟದ ನೋಟ್‌ಬುಕ್ ತಂದು, ಪೆನ್ಸಿಲ್ ಕಟ್ಟಿ ಅವರ ತಗಡಿನ ಪೆಟ್ಟಿಗೆಗೆ ತಗುಲಿಸಿದೆವು. ಟಿಕೆಟ್ ತಗೊಂಡವರು ಮಾತ್ರ ಬರೆಯಬೇಕು ಅಂತ ನಿಯಮ ಮಾಡಿದೆವು. ಓದು ಬಾರದವರಿಗೆ ಏಜೆಂಟ್ ಅಣ್ಣ ಬರೆದುಕೊಡುತ್ತಾರೆ.

ಮೊದಲನೇ ವಾರ ಮೂರೇ ಸಾಲು. "ಗಾಡಿ 20 ನಿಮಿಷ ಲೇಟು." "ಅಡಿಕೆ ರೇಟ್ ವಿಚಾರಿಸಲು ಗುಬ್ಬಿಗೆ." ಮೂರನೆಯದು ನಮ್ಮಜ್ಜಿಯದು, ಅವರು ಹೇಳಿದ್ದನ್ನು ಏಜೆಂಟ್ ಅಣ್ಣ ಬರೆದದ್ದು: "ಪ್ಲಾಟ್‌ಫಾರಂ ಒಂದು ಮೊಳ ಎತ್ತರ ಮಾಡಿಸಿ." ಈಗ ಎರಡನೇ ಪುಟಕ್ಕೆ ಬಂದಿದೆ. ನೋಟ್‌ಬುಕ್ಕಿನ ಕೊನೆಯ ಪುಟದಿಂದ ಹಿಂದಕ್ಕೆ ನಾನು ದಿನಾ ಎಷ್ಟು ಟಿಕೆಟ್ ಹೋಯಿತು ಅಂತ ಏಜೆಂಟ್ ಅಣ್ಣನನ್ನು ಕೇಳಿ ಬರೆದಿಡುತ್ತಿದ್ದೇನೆ. ಶನಿವಾರ ನಾನು ಅಕ್ಕನ ಜೊತೆ ತುಮಕೂರಿಗೆ ಹೋದೆ. ಹಳೇ ಜಾತ್ರೆಯ ಬಾಕಿ ಅಂತ ಒಂದು ಟಿಕೆಟ್ ಹೆಚ್ಚಿಗೆ ಕೇಳಿದೆ. ಏಜೆಂಟ್ ಅಣ್ಣ ನಕ್ಕು, ಕೊಟ್ಟರು. ನೋಟ್‌ಬುಕ್ಕಿನಲ್ಲಿ ಮೂರು ಟಿಕೆಟ್ಟಿನ ನಂಬರನ್ನೂ ಬರೆದು, ಎರಡು ಜನ ಅಂತ ಬರೆದೆ.